ಬಲಕ್ಕೆ ತಿರುಗಿದ ಸೊಂಡಿಲು

ಹೊಳೆದಂಡೆಯ ಆಶ್ರಮದಲ್ಲಿ ಸಾವಂತ್ರಮ್ಮನವರು ಹೆಣ್ಣುಮಕ್ಕಳಿಗೆ ಬಟ್ಟೆಯ ಮೇಲೆ ಚಿತ್ತಾರ ಕೂರಿಸುವುದನ್ನು ಕಲಿಸುತ್ತಿದ್ದರು.

ಕತ್ತರಿಯ ಕಾಲ ಮುಗಿದಿತ್ತು. ಕಂಪ್ಯೂಟರಿನಲ್ಲಿ ಒಂದು ಫಾಂಟ್. ಅಕ್ಷರ ಒತ್ತಿದರೆ ಅಕ್ಷರ ಬರುವುದಿಲ್ಲ, ಕಲಶವೋ ಕಮಲವೋ ಗಣಪನೋ ಬರುತ್ತದೆ. ಪಕ್ಕದ ಯಂತ್ರ ಅದನ್ನು ಬಣ್ಣದ ಹಾಳೆಯಲ್ಲಿ ಕತ್ತರಿಸಿ ಕೊಡುತ್ತದೆ. ಮೇಲೆ ಇಸ್ತ್ರಿ ಒತ್ತಿದರೆ ಬಟ್ಟೆಗೆ ಅಂಟಿಕೊಳ್ಳುತ್ತದೆ.

ಒಂದೇ ಒಂದು ಎಚ್ಚರ ಬೇಕು. ಹಾಳೆಯನ್ನು ಹಿಂಬದಿಯಿಂದ ಕತ್ತರಿಸುವುದರಿಂದ ಚಿತ್ರವನ್ನು ಮೊದಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು. ಮರೆತರೆ ಎಡ ಬಲವಾಗುತ್ತದೆ. ಹೆಸರು ಬರೆದಿದ್ದರೆ ತಕ್ಷಣ ಗೊತ್ತಾಗುತ್ತದೆ. ಕಲಶ, ಕಮಲ ಎತ್ತ ತಿರುಗಿದರೂ ಒಂದೇ.

ಶಿಷ್ಯೆ ಮೇದಿನಿ ಮರೆತಳು.

ಸುಗುಣಳ ಸೀಮಂತಕ್ಕೆಂದು ಮಾಡಿದ ಹಸಿರು ಶಾಲು ಅದು. ಸುಗುಣ ಮೇದಿನಿಯ ಬಾಲ್ಯದ ಗೆಳತಿ, ಹೊಳೆಯಾಚೆ ಮನೆ. ತಾಯಿಯಿಲ್ಲ. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಎರಡು ಸಲ ಬಸಿರು ನಿಂತಿರಲಿಲ್ಲ, ಇದು ಮೂರನೆಯದು.

ಶಾಲು ಹೊದೆಸಿ, ಆರತಿ ಎತ್ತಿ, ಆಶ್ರಮಕ್ಕೆ ಮರಳಿ ಫೋಟೊ ನೋಡಿದಾಗ ಮೇದಿನಿಗೆ ತಪ್ಪು ಕಂಡಿತು. ಗಣಪನ ಸೊಂಡಿಲು ಬಲಕ್ಕೆ ತಿರುಗಿತ್ತು.

ಬಲಮುರಿ ಗಣಪ ಎಂದರೆ ಸುಮ್ಮನೆಯೇ? ಮಡಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಹಿಸುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದುದೆಲ್ಲ ನೆನಪಾಯಿತು. ಅಂಥವನನ್ನು ಬಸುರಿಯ ಹೆಗಲ ಮೇಲೆ ಕೂರಿಸಿ ಬಂದಿದ್ದಳು.

ಮೂರು ದಿನ ಅನ್ನ ಸೇರಲಿಲ್ಲ. ಗುಡಿಗೆ ನೂರೆಂಟು ಸುತ್ತು ಹಾಕಿದಳು, ಹರಕೆ ಹೊತ್ತಳು. ಕೊನೆಗೆ ಆ ಫಾಂಟನ್ನೇ ಕಂಪ್ಯೂಟರಿನಿಂದ ಅಳಿಸಿಹಾಕಿದಳು. ಪಾಪ, ಅದೇನು ಮಾಡಿತ್ತೋ. ಫೋನ್ ಸದ್ದಾದರೆ ಸಾಕು, ಅದನ್ನು ಮಗುಚಿ ಇಟ್ಟುಬಿಡುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಸಾವಂತ್ರಮ್ಮನವರ ಮುಂದೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು.

ಅವರು ಕನ್ನಡಕ ಏರಿಸಿ ಫೋಟೊ ನೋಡಿದರು. ಅಂಚು ಚೆನ್ನಾಗಿ ಕೂತಿದೆ ಎಂದರು. ಮೇದಿನಿಗೆ ಅಳು ತಡೆಯಲಾಗಲಿಲ್ಲ.

"ಅಮ್ಮಾ, ಅವಳಿಗೇನಾದರೂ ಆದರೆ ನಾನು ಬದುಕಿರಲ್ಲ. ಏನೂ ಆಗಲ್ಲ ಅಂತ ಒಂದು ಮಾತು ಹೇಳಿ."

"ಈಗ ಹೇಗಿದ್ದಾಳೆ?"

"ಗೊತ್ತಿಲ್ಲಮ್ಮ. ನಿನ್ನೆ ಎರಡು ಸಲ ಫೋನ್ ಮಾಡಿದ್ದಳು. ಏನು ಸುದ್ದಿಯೋ ಅಂತ ಹೆದರಿ ತೆಗೀಲಿಲ್ಲ."

ಸಾವಂತ್ರಮ್ಮನವರು ಎದ್ದು ಹೋಗಿ, ಹೊಸಿಲಾಚೆ ಬಿಟ್ಟಿದ್ದ ಮೇದಿನಿಯ ಚಪ್ಪಲಿಗಳನ್ನು ತಾವೇ ಕೈಯಲ್ಲಿ ತಂದು ಅವಳ ಕಾಲ ಬಳಿ ಇಟ್ಟರು.

ಗುರು ತನ್ನ ಚಪ್ಪಲಿ ಮುಟ್ಟಿದ್ದು ಕಂಡು ಮೇದಿನಿ ಗಾಬರಿಯಿಂದ ಎದ್ದು ನಿಂತಳು.

"ಏನೂ ಆಗಲ್ಲ ಅಂತ ನಾನು ಹೇಗೆ ಹೇಳಲಿ, ಮಗಳೇ? ನಿನ್ನೆ ಏನಾದರೂ ಆಗಿದ್ದರೆ, ನಿನ್ನನ್ನು ಬಿಟ್ಟು ಅವಳು ಇನ್ಯಾರನ್ನು ಕರೀಬೇಕಿತ್ತು?"