ಕೆರೆಯಂಗಳ ಬಿರುಕು ಬಿಡುವುದೇಕೆ

ಭೂಮಿ ಆಗಷ್ಟೇ ತಟ್ಟಿಟ್ಟ ರೊಟ್ಟಿಯ ಹಾಗೆ ಹಸಿಯಾಗಿದ್ದ ಕಾಲವದು. ಆಗ ಕೆರೆಯ ಮಣ್ಣು ಎಷ್ಟು ಒಣಗಿದರೂ ಬಿರಿಯುತ್ತಿರಲಿಲ್ಲ; ಪುಡಿಪುಡಿಯಾಗಿ ಉದುರುತ್ತಿತ್ತು.

ಗುಡ್ಡದ ಕೆಳಗೊಂದು ಕೆರೆ. ಅದರ ದಂಡೆಯಲ್ಲಿ ಕೆಂಚವ್ವನ ಮನೆ. ನೆಲ ಸಾರಿಸಿ, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಮಿರುಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಂದು ಬೇಸಿಗೆ ಕೆರೆ ಬತ್ತಿತು. ಆ ಪುಡಿಮಣ್ಣು ಕೆಂಚವ್ವನ ಕಣ್ಣಿಗೆ ಸರಿಬರಲಿಲ್ಲ. ಜೇಡಿಮಣ್ಣು ಕಲಸಿ ಕೆರೆಯಂಗಳವನ್ನೇ ಸಾರಿಸಿದಳು. ಉಜ್ಜಿದಳು, ಮತ್ತೆ ಉಜ್ಜಿದಳು.

"ಏನವ್ವಾ, ಇನ್ನು ಮೀನುಗಳೂ ಕಾಲು ತೊಳೆದುಕೊಂಡೇ ಒಳಗೆ ಬರಬೇಕೇನು?" ಎಂದು ಗಾಳಿ ನಕ್ಕಿತು.

"ಬರಲಿ. ಶಿಸ್ತು ಕಲಿತು ಯಾರೂ ಸತ್ತಿಲ್ಲ," ಎಂದಳು ಕೆಂಚವ್ವ.

ಮಳೆ ಬಂತು. ನೀರು ಕನ್ನಡಿಯಂತೆ ನಿಂತಿತು. ಆದರೆ ಒಂದು ಹನಿಯೂ ಕೆಳಗಿಳಿಯಲಿಲ್ಲ. ಬಿಸಿಲು ಬಂದು ಅಷ್ಟನ್ನೂ ಕುಡಿದುಹೋಯಿತು. ದಂಡೆಯ ಆಚೆಗಿದ್ದ ಬಾವಿ ಬತ್ತಿತು. ಕೆಂಚವ್ವನ ಬಾಣಂತಿ ಮಗಳಿಗೆ ಕುಡಿಯಲು ನೀರಿಲ್ಲ, ಎದೆಯಲ್ಲಿ ಹಾಲಿಲ್ಲ. ಕೂಸು ಅಳುವುದನ್ನೂ ನಿಲ್ಲಿಸಿತು.

ಕೆಂಚವ್ವ ಖಾಲಿ ಕೊಡ ಹಿಡಿದು ಕೆರೆಯಂಗಳಕ್ಕೆ ಇಳಿದಳು. ಕಾಲ ಕೆಳಗಿನಿಂದ ಸಣ್ಣ ದನಿಯೊಂದು ಕೇಳಿತು.

"ಅವ್ವಾ, ಬಾಗಿಲು ತೆಗಿ."

"ಯಾರದು?"

"ನಾನು, ಕಪ್ಪೆ. ಬೇಸಿಗೆ ಕಳೆಯಲೆಂದು ಮಣ್ಣಿನೊಳಗೆ ಮಲಗಿದ್ದೆ. ನೀನು ತಲೆಯ ಮೇಲೆ ನೆಲ ಹಾಕಿಬಿಟ್ಟೆ. ನನ್ನ ಮಕ್ಕಳು ಒಣಗುತ್ತಿದ್ದಾರೆ."

"ನನ್ನ ನೆಲದಲ್ಲಿ ಕೂದಲೆಳೆಯಷ್ಟು ಸಂದೂ ಇಲ್ಲ. ಎಲ್ಲಿಂದ ತೆಗೆಯಲಿ?"

"ತಪ್ಪಾದದ್ದೇ ಅಲ್ಲಿ. ನಿನ್ನ ಬಾವಿಗೆ ನೀರು ಹೋಗುವುದೂ ನಮ್ಮ ಬೀದಿಯಿಂದಲೇ, ಅವ್ವಾ."

ಕೆಂಚವ್ವ ಮನೆಗೆ ಹೋಗಿ ಒನಕೆ ತಂದಳು. ತಾನೇ ಮಿರುಗಿಸಿದ ನೆಲದ ನಟ್ಟನಡುವೆ ಎತ್ತಿ ಎತ್ತಿ ಕುಟ್ಟಿದಳು. ಅಂಗೈಯ ಬೊಬ್ಬೆಗಳು ಒಡೆದವು. ಕಡೆಗೆ ಒಂದೇ ಒಂದು ಬಿರುಕು ಮೂಡಿತು.

"ನನ್ನ ಕೈಯಲ್ಲಿ ಆಗುವುದು ಇಷ್ಟೇ, ತಾಯೀ. ಉಳಿದದ್ದನ್ನು ನೀನೇ ಒಡೆದುಕೋ," ಎಂದು ನೆಲಕ್ಕೆ ಹಣೆ ಹಚ್ಚಿದಳು.

ಭೂಮಿತಾಯಿ ದೀರ್ಘವಾಗಿ ಉಸಿರೆಳೆದುಕೊಂಡಳು. ಬಿರುಕು ಎರಡಾಯಿತು, ನಾಲ್ಕಾಯಿತು, ಕೆರೆಯ ತುಂಬ ಬಲೆಯಂತೆ ಹರಡಿತು.

"ಇನ್ನು ಮೇಲೆ ನನ್ನ ಬಾಗಿಲನ್ನು ನಾನೇ ತೆರೆದುಕೊಳ್ಳುತ್ತೇನೆ. ಯಾರ ಕೈಗೂ ಬಿಡುವುದಿಲ್ಲ," ಎಂದಳು.

ಅಂದು ಸಂಜೆಯೇ ಮಳೆ ಸುರಿಯಿತು. ನೀರೆಲ್ಲ ಬಿರುಕುಗಳಲ್ಲಿ ಇಳಿದುಹೋಯಿತು. ಬೆಳಗಾಗುವಷ್ಟರಲ್ಲಿ ಬಾವಿಯಲ್ಲಿ ನೀರು ಕಂಡಿತು. ಮಗಳು ಕುಡಿದಳು, ಕೂಸು ಮತ್ತೆ ಅತ್ತಿತು. ಬಿರುಕಿನೊಳಗಿಂದ ಕಪ್ಪೆಮರಿಗಳು ಒಂದೊಂದಾಗಿ ಹತ್ತಿ ಬಂದವು. ತಾಯಿಕಪ್ಪೆ ಮಾತ್ರ ಬರಲಿಲ್ಲ. ಕೆಂಚವ್ವ ಅದಕ್ಕಾಗಿ ಇಡೀ ದಿನ ಅಲ್ಲಿಯೇ ಕೂತು ಕಾದಳು.

ಆದ್ದರಿಂದಲೇ ಮಕ್ಕಳೇ, ಇಂದಿಗೂ ಕೆರೆ ಬತ್ತಿದೊಡನೆ ಅದರ ಮಣ್ಣು, ಯಾರಾದರೂ ಬಂದು ನುಣುಪು ಮಾಡುವ ಮೊದಲೇ, ತಾನಾಗಿ ಬಿರಿದು ಮಳೆಗೆ ದಾರಿ ತೆರೆದಿಡುತ್ತದೆ.