ಹಟದವ್ವನ ಗುಡ್ಡ

ಮಸಗೋನಾಳಕ್ಕೂ ಕರಿಮಟ್ಟಿಗೂ ನಡುವೆ ಅಡ್ಡಲಾಗಿ ಮಲಗಿರುವ ಬೋಳು ಗುಡ್ಡವಿದೆ. ಅದರ ಹೆಗಲಿನಲ್ಲಿ ಒಂದು ಬಂಡೆ, ಬಂಡೆಯ ಬುಡದಲ್ಲಿ ಕಡು ಬೇಸಿಗೆಯಲ್ಲೂ ಬತ್ತದ ಒರತೆ. ಮಸಗೋನಾಳದವರು ಇದನ್ನು ರುದ್ರನಗುಡ್ಡ ಎನ್ನುತ್ತಾರೆ, ಕರಿಮಟ್ಟಿಯವರು ಹನುಮನಗುಡ್ಡ ಎನ್ನುತ್ತಾರೆ. ಆದರೆ ಬ್ರಿಟಿಷರ ಕಾಲದ ಸರ್ವೆ ನಕ್ಷೆಯಲ್ಲಿ, ಒತ್ತೊತ್ತಾಗಿ ಎಳೆದ ಎತ್ತರದ ಗೆರೆಗಳ ನಡುವೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹಟದವನ್ ಗುಡ್ಡ’ ಎಂದು ಬರೆದಿದೆ. ನಿವೃತ್ತರಾದ ಮೇಲೆ ಸುತ್ತಿನ ಊರುಗಳ ಇತಿಹಾಸ ಬರೆಯಲು ಕುಳಿತ ಚನ್ನವೀರಯ್ಯ ಮಾಸ್ತರರಿಗೆ ಈ ಹೆಸರು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ನಕ್ಷೆಯಲ್ಲಿದ್ದ ಹಾಳುಬಾವಿ ಸಿಕ್ಕಿತು, ಮುಚ್ಚಿಹೋದ ಬಂಡಿದಾರಿ ಸಿಕ್ಕಿತು, ಹೆಸರಿನ ಮೂಲ ಮಾತ್ರ ಸಿಗಲಿಲ್ಲ. ಕೇಳಿದಲ್ಲೆಲ್ಲ ಬೈಗುಳವೇ ಉತ್ತರ. “ಯಾರೋ ಬಿಳಿಯಾ ಬರದದ್ದು ನಂಬ್ತೀರಿ, ನಾವು ಹೇಳಿದ್ದು ನಂಬಂಗಿಲ್ಲೇನ್ರಿ?” ಎಂದು ಮಸಗೋನಾಳದ ಗೌಡರು ಗದರಿದರು. ಕರಿಮಟ್ಟಿಯ ಪೂಜಾರಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಇದು ನಮ್ಮ ಗುಡ್ಡವೇ ಅಲ್ಲವೆಂದು ತೀರ್ಪು ಕೊಟ್ಟರು. ಬಿಸಿಲಲ್ಲಿ ಅಲೆದು ಅಲೆದು ಮಾಸ್ತರರು ರೋಸಿಹೋದರು.

ಕೊನೆಗೆ ಗುಡ್ಡದ ಮಗ್ಗುಲಿನ ಕುರಿಹಟ್ಟಿಯಲ್ಲಿ ಫಕೀರವ್ವ ಎಂಬ ಹಣ್ಣುಹಣ್ಣು ಮುದುಕಿ ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. “ಅದು ಹಟದವನ್ ಅಲ್ರೀ, ಹಟದವ್ವನ ಗುಡ್ಡ. ಎರಡೂ ಊರಾಗ ಗೊತ್ತೈತಿ. ನಾಚಿಕಿಗೆ ಹೇಳಂಗಿಲ್ಲ,” ಎಂದು ಕಥೆ ತೆಗೆದಳು.

ಹಿಂದೆ ಒಮ್ಮೆ, ನೆಲ ಅಳೆಯುವ ಸರ್ವೆಯವರು ಗುಡ್ಡದ ಮೇಲೆ ಡೇರೆ ಹಾಕಿದ್ದರಂತೆ. ಯಾವ ಊರಿನವರು ಹೇಳಿದ ಹೆಸರು ನಕ್ಷೆಗೆ ಏರುತ್ತದೋ ಒರತೆ ಆ ಊರಿಗೇ ಸೇರುತ್ತದೆಂದು ಯಾರೋ ಪುಕಾರು ಎಬ್ಬಿಸಿದರು. ಅದು ಬಾವಿಗಳೆಲ್ಲ ತಳ ಕಂಡಿದ್ದ ಬೇಸಿಗೆ. ಎರಡೂ ಊರಿನ ಗಂಡಸರು ಬಡಿಗೆ ಹಿಡಿದು ಒರತೆಯ ಎರಡು ಕಡೆ ನಿಂತರು. ಒಬ್ಬರು ಇನ್ನೊಬ್ಬರಿಗೆ ಹನಿ ನೀರು ಮುಟ್ಟಗೊಡಲಿಲ್ಲ. ಕರಿಮಟ್ಟಿಯಲ್ಲಿ ಹುಟ್ಟಿ ಮಸಗೋನಾಳಕ್ಕೆ ಸೊಸೆಯಾಗಿ ಬಂದ ನಿಂಬೆವ್ವ ಕೊಡ ಹೊತ್ತು ಹತ್ತಿ ಬಂದಾಗ, ಈ ಕಡೆ ಅವಳ ಗಂಡ, ಆ ಕಡೆ ಅವಳ ಅಣ್ಣ ಬಡಿಗೆ ಎತ್ತಿ ನಿಂತಿದ್ದರು. ಮನೆಯಲ್ಲಿ ಅವಳ ಕೂಸು ನೀರಿಲ್ಲದೆ ಅತ್ತು ಅತ್ತು ಸುಸ್ತಾಗಿತ್ತು. ಅವಳು ಕೊಡ ಇಳಿಸಿದಳು, ಇಬ್ಬರ ನಡುವೆ ಹಾದು ಹೋಗಿ ಒರತೆಯ ಬಾಯಿಗೆ ಅಡ್ಡಲಾಗಿ ಕುಳಿತುಬಿಟ್ಟಳು.

“ಕುಡಿದ್ರ ಎರಡೂ ಊರು ಕುಡೀಲಿ. ಇಲ್ಲಂದ್ರ ಯಾರೂ ಬ್ಯಾಡ,” ಎಂದಳು.

ಗಂಡ ಗದರಿದ, ಅಣ್ಣ ಗೋಗರೆದ, ಹಿರಿಯರು ನ್ಯಾಯ ಹೇಳಿದರು. ಅವಳು ಕುಳಿತ ಜಾಗ ಬಿಟ್ಟು ಕದಲಲಿಲ್ಲ. ಅವಳನ್ನು ಎಳೆದುಹಾಕಲು ಯಾರಿಗೂ ಕೈ ಬರಲಿಲ್ಲ. ಒಂದು ಊರಿಗೆ ಮನೆಮಗಳು, ಇನ್ನೊಂದಕ್ಕೆ ಸೊಸೆ. ಬಿಸಿಲು ಏರಿತು, ಗಂಡಸರ ಬಾಯಿ ಒಣಗಿತು. ಅತ್ತೆ ಕೂಸನ್ನು ಎತ್ತಿಕೊಂಡು ಬಂದು ಸೊಸೆಯ ಮಡಿಲಿಗೆ ಹಾಕಿ, ತಾನೂ ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಎರಡೂ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ಬಂದು ಕೂರತೊಡಗಿದಾಗ ಮೊದಲು ಅಣ್ಣ ಬಡಿಗೆ ಕೆಳಗಿಟ್ಟ, ಆಮೇಲೆ ಗಂಡ. ಹೊತ್ತು ಇಳಿಯುವ ಮುಂಚೆ ಎಲ್ಲರ ಕೊಡಗಳೂ ತುಂಬಿದವು. ಆಗ ಸರ್ವೆಯ ಮುನ್ಷಿ ಬಂದು, ಗುಡ್ಡದ ಹೆಸರೇನು ಎಂದು ಮತ್ತೆ ಕೇಳಿದನಂತೆ. ದಣಿದು ಬೇಸತ್ತಿದ್ದ ಮಸಗೋನಾಳದ ಮುದಿಗೌಡ, “ರುದ್ರನೂ ಬ್ಯಾಡ, ಹನುಮನೂ ಬ್ಯಾಡ. ಆ ಹಟದವ್ವಂದೇ ಅಂತ ಬರಕೊಂಡು ಹೋಗಪಾ ಮಾರಾಯಾ,” ಎಂದ. ಕರಿಮಟ್ಟಿಯವರೂ ಬೇಡವೆನ್ನಲಿಲ್ಲ. ಮುನ್ಷಿ ಹಾಗೆಯೇ ಬರೆದುಕೊಂಡ ಎನ್ನುತ್ತಾರೆ.

ಮಾಸ್ತರರು ಈ ಕಥೆಯನ್ನು ಎರಡೂ ಊರಿನ ಕಟ್ಟೆಯ ಮೇಲೆ ಹೇಳಿದರು. ಈ ಸಲ ಯಾರೂ ಅಲ್ಲಗಳೆಯಲಿಲ್ಲ. ಜಗಳ ಮುಗಿಯಿತೆಂದು ಅವರು ನಿಟ್ಟುಸಿರು ಬಿಟ್ಟದ್ದೇ ತಪ್ಪಾಯಿತು. ಇಂದು ಗುಡ್ಡ ಹತ್ತುವವರಿಗೆ ಒರತೆಯ ಬಳಿ ಬೆನ್ನಿಗೆ ಬೆನ್ನು ಹಚ್ಚಿ ನೆಟ್ಟ ಎರಡು ಫಲಕಗಳು ಕಾಣುತ್ತವೆ. ಕರಿಮಟ್ಟಿಯ ಕಡೆಯದರಲ್ಲಿ ‘ನಮ್ಮೂರ ಮಗಳು ಹಟದವ್ವನ ಗುಡ್ಡ’ ಎಂದಿದೆ. ಮಸಗೋನಾಳದ ಕಡೆಯದರಲ್ಲಿ, ಅದಕ್ಕಿಂತ ಒಂದು ಗೇಣು ಎತ್ತರದಲ್ಲಿ, ‘ನಮ್ಮೂರ ಸೊಸೆ ಹಟದವ್ವನ ಗುಡ್ಡ’ ಎಂದಿದೆ.