ಬಿಜಲಿ ಮೊಲ ತಂದಿಟ್ಟ ಜಾಗ

ಊರ ಜಮೀನ್ದಾರ ದೇಸಾಯರ ಕಣ್ಣು ಯಮನಪ್ಪನ ಬೇಟೆನಾಯಿ ಬಿಜಲಿಯ ಮೇಲೆ ಬಿತ್ತು.

"ಅದರ ತಾಯಿ ನಮ್ಮ ವಾಡೇದ್ದು. ನಾಯಿ ನಂದು," ಎಂದರು.

ಯಮನಪ್ಪ ಕೈಮುಗಿದ. "ನಾಯಿ ಹಿಡಿದ ಮೊಲಾನ ಸಾಕಿದವರ ಮುಂದ ತಂದು ಇಡತೈತ್ರಿ. ಬಿಟ್ಟು ನೋಡೂಣು."

ದೇಸಾಯರು ಒಪ್ಪಿ, ವಾರವಿಡೀ ಬಿಜಲಿಗೆ ವಾಡೆಯಲ್ಲಿ ಮಾಂಸ ತಿನ್ನಿಸಿದರು.

ವಾರ ಕಳೆದು ಬಯಲಲ್ಲಿ ಬಿಟ್ಟಾಗ ಬಿಜಲಿ ಮೊಲ ಹಿಡಿಯಿತು. ಕೈಚಾಚಿದ ದೇಸಾಯರನ್ನು ದಾಟಿತು. ಯಮನಪ್ಪನನ್ನೂ ದಾಟಿತು. ಹೊಲದ ಬದುವಿನಲ್ಲಿದ್ದ ಮಣ್ಣಿನ ಗುಡ್ಡೆಯ ಮೇಲೆ ಮೊಲವಿಟ್ಟು ಪಕ್ಕದಲ್ಲೇ ಮಲಗಿತು. ಯಮನಪ್ಪನ ಹೆಂಡತಿ ದ್ಯಾಮವ್ವನನ್ನು ಮಣ್ಣು ಮಾಡಿದ್ದು ಅಲ್ಲೇ. ಮರಿಯಿದ್ದಾಗ ಬಿಜಲಿಗೆ ಜೋಳದ ನುಚ್ಚು ಉಣಿಸಿದವಳು ಅವಳು.

"ನಿನ್ನ ಮುಂದೂ ಇಡಲಿಲ್ಲಲ್ಲೋ," ಎಂದರು ದೇಸಾಯರು.

"ಆಕಿ ಹ್ವಾದಾಗಿಂದ ಇಲ್ಲೇ ತಂದಿಡತೈತ್ರಿ. ಆಕೀನ್ನ ಒಂದ್ ಮಾತು ಕೇಳಿ ಒಯ್ರಿ."

ದೇಸಾಯರು ನಾಯಿಗೆಂದು ತಂದಿದ್ದ ಸರಪಳಿಯನ್ನು ಜೇಬಿಗೆ ಹಾಕಿಕೊಂಡು, ಗುಡ್ಡೆಯ ಮುಂದೆ ಚಪ್ಪಲಿ ಬಿಟ್ಟು ನಿಂತರು.